ಅವ್ವನ ಟ್ರಂಕಿನ ಇಳಕಲ್ ಸೀರೆ

ಐವತ್ತಕ್ಕೆ ಕಾಲಿಟ್ಟ ವರ್ಷ ನನ್ನ ಕಪಾಟು ಬರಿದು ಮಾಡಿದೆ. ಮೈ ಬಿಗಿಯುತ್ತಿದ್ದ ಬಟ್ಟೆಗಳನ್ನು ಹೊರಗಿಟ್ಟು, ಅವ್ವನ ಟ್ರಂಕಿನಲ್ಲಿದ್ದ ನಾಲ್ಕು ಇಳಕಲ್ ಸೀರೆ ತಂದಿಟ್ಟುಕೊಂಡೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ನೇಯ್ಗೆಯ ಜೀವಾಳ ಕೊಂಡಿ. ಒಡಲಿನ ಹತ್ತಿಯ ಹಾಸು (ಉದ್ದೆಳೆ) ಮತ್ತು ಸೆರಗಿನ ರೇಷ್ಮೆಯ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಾಗಿ ಸೀರೆಗೊಂದು ಹಾಸು ಬೇರೆಯಾಗಿಯೇ ಹೂಡಬೇಕು. ಕೆಂಪು ಸೆರಗಿನಲ್ಲಿ ಟೋಪ್ ತೆನಿ ಎಂಬ ಬಿಳಿಯ ವಿನ್ಯಾಸ. ಅಂಚಿಗೆ ಗೋಮಿ, ಗಾಡಿ, ಚಿಕ್ಕಿ ಪರಾಸ ಎಂಬ ವಿನ್ಯಾಸಗಳು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಅವ್ವ ಹೊಲಕ್ಕೂ ಸಂತೆಗೂ ಇದನ್ನೇ ಉಟ್ಟು ಹೋಗುತ್ತಿದ್ದಳು.

20ನೇ ಶತಮಾನದಲ್ಲಿ ಚಮಕಾ ಎಂಬ ಕೃತಕ ರೇಷ್ಮೆ ಬಂತು, ಬಳಿಕ ವಿದ್ಯುತ್ ಮಗ್ಗ ಬಂತು. ಸೀರೆ ಅಗ್ಗವಾಯಿತು, ಕೈಮಗ್ಗಕ್ಕೆ ಕೆಲಸ ಕಡಿಮೆಯಾಯಿತು.

ಆದರೂ ಕೈಮಗ್ಗದ ಇಳಕಲ್ ಸೀರೆಯ ಸಣ್ಣ ಚೌಕಳಿಯ ಹತ್ತಿ ಒಡಲು ಮೈಗೆ ಅಂಟದು, ಬಿಸಿಲಿಗೆ ತಂಪು. ತುಂಬಿದ ಮೈಗೆ ಗಾಂಭೀರ್ಯ ಕೊಡುತ್ತದೆ. ನಡುವಯಸ್ಸಿನ ಅಕ್ಕತಂಗಿಯರೇ, ಹಬ್ಬಕ್ಕೆಂದು ಎತ್ತಿಡಬೇಡಿ, ದಿನವೂ ಉಡಿ. ಕೊಳ್ಳುವಾಗ ಸೆರಗು ಕೂಡಿದಲ್ಲಿ ಕೊಂಡಿ ಇದೆಯೇ ಎಂದು ನೋಡಿ, ಕೈಮಗ್ಗದ್ದನ್ನೇ ಕೊಳ್ಳಿ.