ಹರಿಹರದ ಸೇತುವೆಯೂ ರೈಲಿನ ಕಿಟಕಿಯೂ

ವಿಮಾನದಿಂದ ನಾಡನ್ನು ನೋಡಬಯಸುವವರು ರೆಕ್ಕೆ ಅಡ್ಡಬಾರದ, ಬಿಸಿಲು ಕಣ್ಣಿಗೆ ಹೊಡೆಯದ ಕಿಟಕಿಯನ್ನು ಆರಿಸಿಕೊಳ್ಳುವುದುಂಟು. ವಿಮಾನ ನಿಲ್ದಾಣವಿಲ್ಲದ ದಾವಣಗೆರೆಯವರಾದ ನಮಗೆ ಈ ಆಯ್ಕೆ ಒದಗುವುದು ರೈಲಿನಲ್ಲಿ. ಅದೂ ಹರಿಹರದ ಸೇತುವೆಯ ಮೇಲೆ.

ಹುಬ್ಬಳ್ಳಿಯ ಕಡೆಗೆ ಹೊರಟ ಗಾಡಿಯಲ್ಲಿ ಎಡಗಡೆ ಕುಳಿತವರಿಗೆ, ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಹರಿದು ಬರುವ ನೀರು ಎದುರಾಗುತ್ತದೆ. ಬಲಗಡೆಯವರಿಗೆ ಹಂಪೆಯತ್ತ ಸಾಗುವ ಹೊಳೆ. ಸೂರ್ಯನು ದಕ್ಷಿಣಕ್ಕೆ ವಾಲುವ ಚಳಿಗಾಲದಲ್ಲಿ ಬಲಗಡೆಯೇ ಲೇಸು; ಕಣ್ಣು ಕುಕ್ಕುವ ಬಿಸಿಲು ಅತ್ತ ಇರುವುದಿಲ್ಲ.

ಈ ದಡದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದ ಗುಡಿ ಅದು. ದೇವರು ಒಂದಾದ ಊರಿನಲ್ಲಿಯೇ ಕನ್ನಡಿಗರು ಇಬ್ಭಾಗವಾಗಿದ್ದರು. 1818ರಲ್ಲಿ ಪೇಶ್ವೆಗಳ ಪತನವಾದ ಮೇಲೆ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ. 1868ರಲ್ಲಿ ರಸ್ತೆಯ ಸೇತುವೆ ಮುಗಿಯಿತು. 1889ರಲ್ಲಿ ಬೆಂಗಳೂರಿನ ರೈಲುದಾರಿ ಹರಿಹರವನ್ನು ಮುಟ್ಟಿತು. ಕಲ್ಲೂ ಕಬ್ಬಿಣವೂ ಕೂಡಿಸಿದ ಎರಡು ದಡಗಳನ್ನು ಆಡಳಿತವು ಕೂಡಿಸಲು 1956ರ ನವೆಂಬರ್ 1 ಬರಬೇಕಾಯಿತು.

ರಾಣೆಬೆನ್ನೂರಿನಿಂದ ಆ ಮೊದಲೇ ದಾವಣಗೆರೆಗೆ ಸೊಸೆಯಾಗಿ ಬಂದ ನಮ್ಮ ಅಜ್ಜಿ, ತವರಿಗೆ ಹೊರಟಾಗಲೆಲ್ಲ ಕಿಟಕಿಗಾಗಿ ಹಟ ಹಿಡಿಯುತ್ತಿದ್ದರು. ಎಡವೋ ಬಲವೋ ಎಂದು ಕೇಳಿದರೆ, “ಯಾವ ಕಡಿಗಾದ್ರೂ ಆತು ತಮ್ಮಾ, ಹೊಳಿ ಕಂಡ್ರ ಸಾಕು” ಎನ್ನುತ್ತಿದ್ದರು. ಸೇತುವೆ ಬಂದೊಡನೆ ನೀರಿಗೆ ಒಂದು ಕಾಸು ಎಸೆದು ಕೈಮುಗಿಯುವರು. ಹೋಗುವಾಗಲೂ ಕಾಸು, ಬರುವಾಗಲೂ ಕಾಸು. ಗಡಿಯ ಮಾತನ್ನು ಅವರು ಎಂದೂ ಎತ್ತಲಿಲ್ಲ.