ಬಿಟ್‌ಬೋರ್ಡ್: ಚದುರಂಗ ಪ್ರೋಗ್ರಾಮುಗಳ ವೇಗದ ಇತಿಹಾಸ

ಚದುರಂಗದ 64 ಮನೆಗಳನ್ನು 64 ಬಿಟ್‌ಗಳ ಒಂದೇ ಸಂಖ್ಯೆಯಲ್ಲಿ ಹಿಡಿದಿಡುವ ವಿಧಾನಕ್ಕೆ ಬಿಟ್‌ಬೋರ್ಡ್ ಎಂದು ಹೆಸರು. ಕಾಯಿ ಇರುವ ಮನೆಗೆ 1, ಇಲ್ಲದ್ದಕ್ಕೆ 0. ಬಿಳಿಯ ಕಾಲಾಳುಗಳನ್ನೆಲ್ಲ ಒಂದು ಮನೆ ಮುಂದೆ ನಡೆಸಲು ಆ ಸಂಖ್ಯೆಯನ್ನು ಎಂಟು ಬಿಟ್ ಸರಿಸಿ, ಖಾಲಿ ಮನೆಗಳ ಸಂಖ್ಯೆಯೊಡನೆ ತಾಳೆ ನೋಡಿದರೆ ಸಾಕು.

ಇದನ್ನು ಮೊದಲು ಕಂಡುಕೊಂಡವರು ಯಾರೆಂಬ ಬಗ್ಗೆ ಬರಹಗಳಲ್ಲಿ ಒಮ್ಮತವಿಲ್ಲ. ಕೆಲವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಸ್ಲೇಟ್ ಮತ್ತು ಲ್ಯಾರಿ ಆಟ್ಕಿನ್ ಅವರನ್ನು ಹೆಸರಿಸುತ್ತಾರೆ. ಇನ್ನು ಕೆಲವರು 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ವಿಶ್ವ ಕಂಪ್ಯೂಟರ್ ಚದುರಂಗ ಪ್ರಶಸ್ತಿ ಗೆದ್ದ ಕೈಸ್ಸಾ ಪ್ರೋಗ್ರಾಮಿನ ಮಾಸ್ಕೋ ತಂಡವನ್ನು ಮುಂದಿಡುತ್ತಾರೆ. ಎರಡೂ ತಂಡಗಳು ಸ್ವತಂತ್ರವಾಗಿ ಇಲ್ಲಿಗೆ ಬಂದವು ಎಂಬುದೇ ಹೆಚ್ಚು ಒಪ್ಪತಕ್ಕ ಮಾತು. ಬೇರು ಇನ್ನೂ ಹಿಂದಿದೆ. ಡ್ರಾಫ್ಟ್ಸ್ ಆಟಕ್ಕೆ ಬೇಕಾದ ಮನೆಗಳು 32 ಮಾತ್ರ. 1952ರಲ್ಲೇ ಬ್ರಿಟನ್ನಿನ ಕ್ರಿಸ್ಟೋಫರ್ ಸ್ಟ್ರೇಚಿ ಆ ಆಟದ ಸ್ಥಿತಿಯನ್ನು 32 ಬಿಟ್‌ಗಳ ಮೂರು ಸಂಖ್ಯೆಗಳಲ್ಲಿ ಬರೆದಿಟ್ಟಿದ್ದರು. ಹೀಗಿರುವಾಗ ಶ್ರೇಯವನ್ನು ಒಬ್ಬರ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಸ್ಲೇಟ್ ಮತ್ತು ಆಟ್ಕಿನ್ ಬಳಸಿದ ಸಿಡಿಸಿ ಯಂತ್ರದ ಪದ, ಅಂದರೆ ಅದು ಒಮ್ಮೆಗೆ ನಿರ್ವಹಿಸುವ ಸಂಖ್ಯೆ, 60 ಬಿಟ್‌ಗಳದ್ದು. ಮಣೆ ಅದರಲ್ಲಿ ಹಿಡಿಸುತ್ತಿರಲಿಲ್ಲ. 1990ರ ದಶಕದಲ್ಲಿ ರಾಬರ್ಟ್ ಹಯಾಟ್ ತಮ್ಮ ಕ್ರಾಫ್ಟಿ ಪ್ರೋಗ್ರಾಮಿನಲ್ಲಿ, ಆನೆಯಂಥ ಕಾಯಿಗಳ ದಾರಿಯನ್ನು ಬೇಗ ಓದಲು, ಮಣೆಯನ್ನು ತಿರುಗಿಸಿದ ಪ್ರತಿಗಳನ್ನೂ ಜೊತೆಗಿಟ್ಟರು. 2003ರಲ್ಲಿ ಎಎಂಡಿಯ ಆಪ್ಟೆರಾನ್ ಬಂದ ಮೇಲೆ 64 ಬಿಟ್ ಸಾಮಾನ್ಯ ಯಂತ್ರಗಳಿಗೂ ಇಳಿಯಿತು.

ನಿಜವಾದ ತಿರುವು ಮ್ಯಾಜಿಕ್ ಬಿಟ್‌ಬೋರ್ಡ್. ಲಾಸ್ಸೆ ಹ್ಯಾನ್ಸನ್ ಮೊದಲಾದವರ ಈ ಉಪಾಯವನ್ನು ಪ್ರದು ಕಣ್ಣನ್ 2007ರಲ್ಲಿ ಪ್ರಬಂಧವಾಗಿ ವಿವರಿಸಿದರು. ಎ1 ಮೂಲೆಯ ಆನೆಯನ್ನು ನೋಡಿ. ಅದರ ದಾರಿಯಲ್ಲಿ ಅಡ್ಡ ಬರಬಹುದಾದ ಮನೆಗಳು 12. ಕೊನೆಯ ಎ8 ಮತ್ತು ಎಚ್1 ಲೆಕ್ಕಕ್ಕಿಲ್ಲ, ಅಲ್ಲಿ ಕಾಯಿ ಇದ್ದರೂ ಇಲ್ಲದಿದ್ದರೂ ಆನೆಯ ಕಣ್ಣು ಅಲ್ಲಿಯವರೆಗೆ ಹೋಗುತ್ತದೆ. ಆ 12 ಬಿಟ್‌ಗಳನ್ನು ಮೊದಲೇ ಹುಡುಕಿಟ್ಟ ಸಂಖ್ಯೆಯಿಂದ ಗುಣಿಸಿ 52 ಬಿಟ್ ಬಲಕ್ಕೆ ಸರಿಸಿದರೆ ಆನೆ ತಲುಪಬಲ್ಲ ಮನೆಗಳನ್ನು ಮೊದಲೇ ಬರೆದಿಟ್ಟ 4,096 ಸಾಲುಗಳ ಕೋಷ್ಟಕದಲ್ಲಿ ಸರಿಯಾದ ಸಾಲು ಸಿಗುತ್ತದೆ. ಎಲ್ಲ 64 ಮನೆಗಳ ಆನೆಗೆ ಇಂಥ ಸಾಲುಗಳು ಒಟ್ಟು 1,02,400; ಅಂದರೆ ಸುಮಾರು 800 ಕಿಲೋಬೈಟ್ ಸ್ಮೃತಿ.

2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ತಂದ ಪೆಕ್ಸ್ಟ್ ಎಂಬ ಸೂಚನೆ ಬೇಕಾದ ಬಿಟ್‌ಗಳನ್ನಷ್ಟೇ ಒಮ್ಮೆಗೇ ಒಟ್ಟುಗೂಡಿಸಿ ಆ ಗುಣಾಕಾರವನ್ನೂ ಅನಗತ್ಯಗೊಳಿಸಿತು. ಆದರೆ ಎಎಂಡಿಯ ಝೆನ್ ಮತ್ತು ಝೆನ್ 2 ಚಿಪ್‌ಗಳಲ್ಲಿ ಅದೇ ಸೂಚನೆ ಬಹಳ ನಿಧಾನ; ಝೆನ್ 3ರಲ್ಲಿ ಸರಿಹೋಯಿತು. ಪೆಕ್ಸ್ಟ್ ಎಲ್ಲೆಡೆ ವೇಗ ಹೆಚ್ಚಿಸುತ್ತದೆ ಎಂಬ ಮಾತನ್ನು ಆದ್ದರಿಂದ ಚಿಪ್‌ನ ಹೆಸರು ನೋಡಿಯೇ ಒಪ್ಪಬೇಕು.

ಸೆಪ್ಟೆಂಬರ್ 2020ರಲ್ಲಿ ಬಂದ ಸ್ಟಾಕ್‌ಫಿಶ್ ಎಂಬ ಚದುರಂಗ ಪ್ರೋಗ್ರಾಮಿನ 12ನೇ ಆವೃತ್ತಿಯಿಂದ ಸ್ಥಿತಿಯ ಬೆಲೆ ಕಟ್ಟುವ ಕೆಲಸ ನರಜಾಲದ ಪಾಲಾಗಿದ್ದು, ವೇಗದ ಕಸರತ್ತು ಬಹುಪಾಲು ಅತ್ತ ಸರಿದಿದೆ. ನಡೆಗಳನ್ನು ಎಣಿಸಲು ಸ್ಟಾಕ್‌ಫಿಶ್ ಈಗಲೂ ಬಿಟ್‌ಬೋರ್ಡನ್ನೇ ಬಳಸುತ್ತದೆ.