ಪದ ಪರಿಚಯ: ಚೆಕ್

ಮೂಲ ಪಾರಸಿಯ ‘ಶಾಹ್’, ಅಂದರೆ ದೊರೆ. ಚದುರಂಗದಲ್ಲಿ ರಾಜನಿಗೆ ಅಪಾಯ ಬಂದಾಗ ಕೂಗುತ್ತಿದ್ದ ಈ ಮಾತು ಅರಬ್ಬಿ, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಯಿತು. ಅಲ್ಲಿ ‘ತಡೆ’ ಎಂಬ ಅರ್ಥ ಪಡೆದು, ಕ್ರಮೇಣ ‘ಪರಿಶೀಲನೆ’ಯಾಯಿತು. ಚೆಕ್‌ಪೋಸ್ಟಿನಲ್ಲಿ ತಡೆ, ಚೆಕ್ಸ್ ಅಂಗಿಯಲ್ಲಿ ಚದುರಂಗದ ಮಣೆ ಈಗಲೂ ಉಳಿದಿವೆ. ‘ಬಾದಶಹ’ ಇದರ ದಾಯಾದಿ. ಬಹಮನಿಗಳ ಪಾರಸಿ ಕೇಳಿದ ಬೀದರ್ ಜಿಲ್ಲೆಯ ಬಸವಕಲ್ಯಾಣ, ಮೋರಖಂಡಿ ಸೀಮೆಗೆ ಆ ಪದ ಹಳೆಯ ಪರಿಚಯ.

ಅದೇ ಜಿಲ್ಲೆಯ ಬೀದರ್ ವಾಯುನೆಲೆಯಲ್ಲಿ 2008ರಿಂದ ಹಾಕ್ ಜೆಟ್‌ಗಳಲ್ಲಿ ಯುದ್ಧ ಪೈಲಟ್‌ಗಳ ತರಬೇತಿ ನಡೆದಿದೆ. ಹಾರಾಟ ಕಲಿಯುವವರ ಬಾಯಲ್ಲಿ ‘ಚೆಕ್’ ಎಂದರೆ ಪರೀಕ್ಷಕರನ್ನು ಜೊತೆಗೆ ಕೂರಿಸಿಕೊಂಡು ಹಾರುವ ಪರೀಕ್ಷೆ. ನಾಗರಿಕ ಪರವಾನಗಿಯಲ್ಲಿ ‘ಸ್ಕಿಲ್ ಟೆಸ್ಟ್’. ತಯಾರಿ ನೆಲದಲ್ಲೇ ಶುರು: ಲಾಗ್‌ಬುಕ್, ಹವಾಮಾನ, ತೂಕದ ಲೆಕ್ಕ. ಸಣ್ಣ ವಿಮಾನವಾದರೆ ಟ್ಯಾಂಕಿನಿಂದ ತುಸು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯುತ್ತಾರೆ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮೇಲೇರಿದ ಮೇಲೆ ಪರೀಕ್ಷಕರು ಥ್ರಾಟಲ್ ಹಿಂದಕ್ಕೆಳೆದು, “ಎಂಜಿನ್ ಹೋಯಿತು, ಎಲ್ಲಿ ಇಳಿಸುತ್ತೀರಿ?” ಎನ್ನಬಹುದು.

ಬಳಕೆ: “ನಾಳಿ ಚೆಕ್ ಅದರಿ, ಇವತ್ತ ಲಗೂ ಮಲಗ್ತೀನಿ.”